ಭಾರದ ಬೈಕಿಗೂ ಒಂದು ಲೆಕ್ಕ

"ಗಾಡಿ ಭಾರವಿದ್ದಷ್ಟೂ ರಸ್ತೆಗೆ ಕಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಕ್ಷೇಮ, ಅಲ್ಲವೇ ಮೇಷ್ಟ್ರೇ?"

ಮಗನಿಗೆ ಹದಿನೆಂಟು ತುಂಬಿ, ಮನೆಯಲ್ಲಿ 'ಕ್ರೂಸರ್' ಎಂಬ ಪದ ಕೇಳಿಬರತೊಡಗಿದಾಗ ಅನೇಕ ತಂದೆಯರು ಕೇಳುವ ಪ್ರಶ್ನೆಯಿದು. ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಂಡರೆ ಸಾಕು, ಉತ್ತರ ತಾನಾಗಿ ಹೊರಬರುತ್ತದೆ.

ಕ್ರೂಸರ್ ಎಂದರೆ ದೂರ ಪ್ರಯಾಣಕ್ಕೆಂದು ರೂಪಿಸಿದ ಮೋಟಾರ್ ಸೈಕಲ್. ತಗ್ಗಿನ ಸೀಟು, ಮುಂದಕ್ಕೆ ಚಾಚಿದ ಕಾಲುಗಳು, ಎರಡು ಚಕ್ರಗಳ ನಡುವೆ ಹೆಚ್ಚು ಅಂತರ – ಇವು ಅದರ ಲಕ್ಷಣಗಳು. 1903ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಹುಟ್ಟಿದ ಹಾರ್ಲೆ-ಡೇವಿಡ್‌ಸನ್ ಕಂಪನಿ ಈ ಮಾದರಿಗೆ ಲೋಕಪ್ರಸಿದ್ಧಿ ತಂದಿತು. ಅಲ್ಲಿನ ಉದ್ದನೆಯ, ನೇರ ಹೆದ್ದಾರಿಗಳಿಗೆ ಇದು ಚೆನ್ನಾಗಿ ಹೊಂದಿಕೊಂಡಿತು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯಾರ್ 650 ಇದೆ. 2023ರ ಜನವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಇದರ ಆರಂಭಿಕ ಬೆಲೆ ಸುಮಾರು ಮೂರೂವರೆ ಲಕ್ಷ ರೂಪಾಯಿ. ಇಂಜಿನ್ 648 ಸಿಸಿ, ಶಕ್ತಿ 47 ಪಿಎಸ್, ಸೀಟಿನ ಎತ್ತರ 740 ಮಿಲಿಮೀಟರ್. ಪೆಟ್ರೋಲು ಸೇರಿ ತೂಕ 241 ಕಿಲೋ. ಈ 241 ಎಂಬ ಸಂಖ್ಯೆಯನ್ನೇ ನಾವೀಗ ಗಮನಿಸಬೇಕು.

ಮೊದಲು ನಿಂತ ಗಾಡಿಯ ಮಾತು. ಮೋಟಾರ್ ಸೈಕಲ್ ನೆಟ್ಟಗೆ ನಿಂತಿದ್ದಾಗ ಅದರ ಭಾರವೆಲ್ಲ ಟೈರುಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಸವಾರನ ಕೈಗೆ ಏನೂ ಗೊತ್ತಾಗುವುದಿಲ್ಲ. ಷೋರೂಮಿನಲ್ಲಿ ಸೀಟಿನ ಮೇಲೆ ಕುಳಿತ ಹುಡುಗನಿಗೆ "ಇಷ್ಟೇನಾ!" ಎನ್ನಿಸುವುದು ಇದೇ ಕಾರಣಕ್ಕೆ. ಗಾಡಿ ಸ್ವಲ್ಪ ವಾಲಿತೆನ್ನಿ, ಲೆಕ್ಕ ಬದಲಾಗುತ್ತದೆ. ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿವೆ ಎಂದು ಭಾವಿಸೋಣ. 10 ಡಿಗ್ರಿ ವಾಲಿದರೆ ಹ್ಯಾಂಡಲ್ ಹಿಡಿದವನು ತಡೆಯಬೇಕಾದ ಭಾರ ಸುಮಾರು 21 ಕಿಲೋ. 20 ಡಿಗ್ರಿಗೆ 41 ಕಿಲೋ. 30 ಡಿಗ್ರಿಗೆ 60 ಕಿಲೋ! ಮೊದಲನೆಯದನ್ನು ಯಾರಾದರೂ ತಡೆದಾರು. ಮೂರನೆಯದು ಒಂದು ಮೂಟೆ ಸಿಮೆಂಟಿಗಿಂತ ಹೆಚ್ಚು. ವಾಲಿದಷ್ಟೂ ಭಾರ ಏರುವುದರಿಂದ, ತಡೆಯಬೇಕಾದದ್ದು ಮೊದಲ ಕ್ಷಣದಲ್ಲೇ. ಜಲ್ಲಿಯ ಮೇಲೆ ಪಾದ ಜಾರಿದರೆ ಆ ಕ್ಷಣ ಕೈತಪ್ಪಿತು. ಭಾರದ ಗಾಡಿಗಳು ಬೀಳುವುದು ವೇಗದಲ್ಲಿ ಮಾತ್ರವಲ್ಲ. ಮನೆಯ ಗೇಟಿನ ಮುಂದೆ, ಪೆಟ್ರೋಲ್ ಬಂಕಿನಲ್ಲಿ, ಆಗುಂಬೆಯಂಥ ಘಾಟಿಯ ತಿರುವಿನಲ್ಲಿ ಎದುರು ಬಸ್ಸು ಬಂತೆಂದು ನಿಲ್ಲಿಸಿದಾಗಲೂ ಬೀಳುತ್ತವೆ.

ಇನ್ನು ಓಡುವ ಗಾಡಿ. ಇಲ್ಲಿ ತಂದೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಜಡತ್ವ ಹೆಚ್ಚಿರುವುದರಿಂದ ಅಡ್ಡಗಾಳಿಗೆ, ಲಾರಿ ಪಕ್ಕದಲ್ಲಿ ಹಾದುಹೋದಾಗ ಬೀಸುವ ಗಾಳಿಗೆ ಭಾರದ ಗಾಡಿ ಸುಲಭವಾಗಿ ಅಲುಗದು. ದೂರ ಪ್ರಯಾಣದಲ್ಲಿ ಆಯಾಸವೂ ಕಡಿಮೆ. ಆದರೆ ನಿಲ್ಲಿಸುವ ವಿಷಯಕ್ಕೆ ಬಂದರೆ ಭಾರದಿಂದ ಯಾವ ಲಾಭವೂ ಇಲ್ಲ. ತೂಕ ಹೆಚ್ಚಿದಷ್ಟೂ ಟೈರಿನ ಘರ್ಷಣೆ ಹೆಚ್ಚುತ್ತದೆ, ನಿಜ. ಅದೇ ಪ್ರಮಾಣದಲ್ಲಿ ಚಲನಶಕ್ತಿಯೂ ಹೆಚ್ಚುತ್ತದೆ. ಸಮೀಕರಣದ ಎರಡೂ ಕಡೆ ಇರುವ ದ್ರವ್ಯರಾಶಿ ಹೊಡೆದುಹೋಗುತ್ತದೆ. ಉಳಿಯುವುದು ವೇಗದ ವರ್ಗ.

ಒಣಗಿದ ಒಳ್ಳೆಯ ರಸ್ತೆ, ಸರಿಯಾದ ಬ್ರೇಕು, ಎಚ್ಚೆತ್ತು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದ ಗಾಡಿ ನಿಲ್ಲಲು ಸುಮಾರು 20 ಮೀಟರ್ ಬೇಕು. ಅಂದರೆ ಒಂದು ಕ್ರಿಕೆಟ್ ಪಿಚ್ಚಿನ ಉದ್ದ. 60ಕ್ಕೆ ಸುಮಾರು 37 ಮೀಟರ್. 80ಕ್ಕೆ ಸುಮಾರು 58 ಮೀಟರ್, ಹೆಚ್ಚುಕಡಿಮೆ ಮೂರು ಪಿಚ್ಚು. ವೇಗ ಇಮ್ಮಡಿಯಾದರೆ ದೂರ ಮುಮ್ಮಡಿಯಾಯಿತು. ಮಳೆಯಲ್ಲಿ ಇನ್ನೂ ಹೆಚ್ಚು. 125 ಸಿಸಿ ಮೀರಿದ ಗಾಡಿಗಳಿಗೆ 2019ರಿಂದ ಕಡ್ಡಾಯವಾಗಿರುವ ಎಬಿಎಸ್, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರುವುದನ್ನು ತಪ್ಪಿಸುತ್ತದೆಯೇ ಹೊರತು ಭೌತಶಾಸ್ತ್ರದ ನಿಯಮವನ್ನು ತಿದ್ದುವುದಿಲ್ಲ. ಕಾರಿನಲ್ಲಿ ಕುಳಿತವನ ಸುತ್ತ ಉಕ್ಕಿನ ಗೂಡಿದೆ. ಇಲ್ಲಿ 241 ಕಿಲೋ ಉಕ್ಕು ಇರುವುದು ಸವಾರನ ಕೆಳಗೆ. ಬಿದ್ದಾಗ ಅದು ಅವನ ಕಾಲಿನ ಮೇಲೂ ಇರಬಹುದು.

ಹಾಗಾದರೆ ಕೊಳ್ಳಲೇಬಾರದೇ? ಹಾಗಲ್ಲ. ಕೊಳ್ಳುವ ಮೊದಲು ಮೆಟ್ಟಿಲುಗಳನ್ನು ಏರಬೇಕು. ಯುರೋಪಿನ ಒಕ್ಕೂಟದಲ್ಲಿ ಈ ಮೆಟ್ಟಿಲುಗಳನ್ನು ಕಾನೂನೇ ಕಟ್ಟಿಕೊಟ್ಟಿದೆ. ಮೊದಲು 125 ಸಿಸಿವರೆಗಿನ ಗಾಡಿ. ಆಮೇಲೆ 35 ಕಿಲೋವ್ಯಾಟ್ ಮೀರದ ಗಾಡಿ. ಅದರಲ್ಲಿ ಎರಡು ವರ್ಷ ಪಳಗಿದ ಮೇಲೆ ಎಲ್ಲ ಗಾಡಿಗಳು. ನಮ್ಮ 47 ಪಿಎಸ್ ಕ್ರೂಸರ್, ಅಂದರೆ ಸುಮಾರು 34.6 ಕಿಲೋವ್ಯಾಟ್, ಅಲ್ಲಿ ಎರಡನೆಯ ಮೆಟ್ಟಿಲಿನ ತುತ್ತತುದಿಯಲ್ಲಿ ನಿಲ್ಲುತ್ತದೆ. ನಮ್ಮಲ್ಲಾದರೋ ಗೇರ್ ಇರುವ 100 ಸಿಸಿ ಗಾಡಿಯಲ್ಲಿ ಎಂಟು ಹಾಕಿ ತೋರಿಸಿದವನಿಗೆ ಸಿಗುವ ಲೈಸೆನ್ಸೇ 650 ಸಿಸಿಗೂ ಸಾಕು. ಕಾನೂನು ಕಟ್ಟದ ಮೆಟ್ಟಿಲನ್ನು ಮನೆಯವರೇ ಕಟ್ಟಬೇಕು. ಒಂದೆರಡು ವರ್ಷ, ಎರಡು ಮಳೆಗಾಲ, ಹಗುರವಾದ ಗಾಡಿಯಲ್ಲಿ ಬೀಳದೆ ಬೀಳಿಸದೆ ಓಡಿಸಲಿ. ಆಮೇಲೆ ದೊಡ್ಡದರ ಮಾತು.

ಆ ದಿನ ಬಂದಾಗ ಷೋರೂಮಿನಲ್ಲಿ ಮೂರು ಪರೀಕ್ಷೆ ಮಾಡಿಸಿ. ಒಂದು, ಕುಳಿತಾಗ ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರಬೇಕು. ಎರಡು, ಇಂಜಿನ್ ಆರಿಸಿ, ಗಾಡಿಯನ್ನು ಹತ್ತು ಹೆಜ್ಜೆ ಹಿಂದಕ್ಕೆ ಒಬ್ಬನೇ ತಳ್ಳಬೇಕು. ಇಂಥ ಗಾಡಿಗೆ ಸಾಮಾನ್ಯವಾಗಿ ರಿವರ್ಸ್ ಗೇರ್ ಇಲ್ಲ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಹೊರತೆಗೆಯಲು ನಾಲ್ಕು ಜನ ಬೇಕಾದೀತು. ಮೂರು, ನಡಿಗೆಯ ವೇಗದಲ್ಲಿ, ಕಾಲೂರದೆ ಪೂರ್ತಿ ಒಂದು ಸುತ್ತು ತಿರುಗಿಸಬೇಕು. ವೇಗವಾಗಿ ಓಡಿಸಿ ತೋರಿಸುವುದು ಪರೀಕ್ಷೆಯೇ ಅಲ್ಲ. ವೇಗದಲ್ಲಿ ಗಾಡಿ ತನ್ನನ್ನು ತಾನೇ ಬಹುಮಟ್ಟಿಗೆ ನೆಟ್ಟಗಿರಿಸಿಕೊಳ್ಳುತ್ತದೆ.

ಹಣದ ಲೆಕ್ಕವೂ ಇರಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಮೋಟಾರ್ ಸೈಕಲ್ಲುಗಳಿಗೆ ಜಿಎಸ್‌ಟಿ ಶೇಕಡಾ 40. ಅಲ್ಲಿಯವರೆಗಿನವಕ್ಕೆ ಶೇಕಡಾ 18. ವಿಮೆ, ಟೈರುಗಳ ಖರ್ಚೂ ಹೆಚ್ಚು. ಒಳ್ಳೆಯ ಹೆಲ್ಮೆಟ್, ಕೈಗವಸು, ಹಿಮ್ಮಡಿಯ ಗಂಟು ಮುಚ್ಚುವ ಬೂಟು – ಇವುಗಳ ಹಣವನ್ನು ಗಾಡಿಯ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಇವುಗಳಿಗೆ ಹಣ ಉಳಿಯದಿದ್ದರೆ ಆ ಗಾಡಿ ನಿಮ್ಮ ಶಕ್ತಿಗೆ ಮೀರಿದ್ದು ಎಂದೇ ಅರ್ಥ.

ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡುವ ಪಾಲಕರಿಗೂ ಒಂದು ಮಾತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಪಾಲಕರಿಗೇ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಆಗಬಹುದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು.

ವಿದ್ಯಾರ್ಥಿಗಳೇ, ಈ ಭಾನುವಾರ ಒಂದು ಅಳತೆ ಟೇಪು ಹಿಡಿದು ಮೈದಾನಕ್ಕೆ ಹೋಗಿ. 20, 37, 58 ಮೀಟರಿಗೆ ಒಂದೊಂದು ಕಲ್ಲಿಡಿ. ಅಪ್ಪನನ್ನೂ ಕರೆದೊಯ್ಯಿರಿ. ಮೂರನೆಯ ಕಲ್ಲಿನ ಬಳಿ ನಿಂತು ಮೊದಲ ಗೆರೆಯತ್ತ ತಿರುಗಿ ನೋಡಿ. ಯಾವ ಗಾಡಿ, ಯಾವಾಗ ಎಂಬ ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡಬಹುದು.