ಪತ್ತೇದಾರನ ಕನ್ನಡ ವಿಳಾಸ

ಆಂಗ್ಲ ಸಾಹಿತ್ಯದ ಪಾತ್ರಗಳು ಕನ್ನಡದಲ್ಲಿ ಪಡೆದ ಮರುಹುಟ್ಟನ್ನು ಕುರಿತ ಚರ್ಚೆ ಬಹುಮಟ್ಟಿಗೆ ಷೇಕ್ಸ್‌ಪಿಯರನ ಸುತ್ತಲೇ ಬೆಳೆದಿದೆ. ಲಿಯರ್ ದೊರೆಯ ಕಥೆ ಎಂ.ಎಸ್. ಪುಟ್ಟಣ್ಣನವರಲ್ಲಿ 'ಹೇಮಚಂದ್ರರಾಜ ವಿಲಾಸ'ವಾದುದು, ಡೆನ್ಮಾರ್ಕಿನ ಹ್ಯಾಮ್ಲೆಟ್ ಕುವೆಂಪು ಅವರ 'ರಕ್ತಾಕ್ಷಿ'ಯಲ್ಲಿ ಬಿದನೂರಿನವನಾದುದು ತರಗತಿಗಳಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಗುತ್ತವೆ. ಆದರೆ ಬ್ರಿಟನ್ನಿನ ಜನಪ್ರಿಯ ಕಥನವು ಸೃಷ್ಟಿಸಿದ ಪತ್ತೇದಾರ ಮತ್ತು ಗೂಢಚಾರರು ಇದೇ ನೆಲದಲ್ಲಿ ಲಕ್ಷಾಂತರ ಓದುಗರನ್ನೂ ಪ್ರೇಕ್ಷಕರನ್ನೂ ಪಡೆದ ಬಗೆಗೆ ಅಷ್ಟೇ ಶ್ರದ್ಧೆಯ ಅಧ್ಯಯನ ಸಂದಿಲ್ಲ. ರೂಪಾಂತರದ ಚರಿತ್ರೆಯಲ್ಲಿ ಇದೊಂದು ದೊಡ್ಡ ಕೊರತೆ.

ಜನಪ್ರಿಯ ಪಾತ್ರವೊಂದರ ಬಾಳಿಕೆಗೆ ಮೂಲ ಲೇಖಕನೊಬ್ಬನೇ ಕಾರಣನಲ್ಲ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಪರಿಚಯಿಸಿದ ಷರ್ಲಾಕ್ ಹೋಮ್ಸ್‌ನನ್ನು 1893ರಲ್ಲಿ ತಾನೇ ಕೊಂದನು. ಓದುಗರ ಒತ್ತಾಯಕ್ಕೆ ಮಣಿದು ಮತ್ತೆ ಬದುಕಿಸಿದನು. ಹೋಮ್ಸ್‌ನ ಪ್ರಸಿದ್ಧ ಟೋಪಿ ರೂಢಿಗೆ ಬಂದುದು ಸಿಡ್ನಿ ಪ್ಯಾಗೆಟ್‌ನ ಚಿತ್ರಗಳಿಂದ. ಬಾಗಿದ ಪೈಪು ಪ್ರಸಿದ್ಧವಾದುದು ವಿಲಿಯಂ ಗಿಲೆಟ್‌ನ ರಂಗಪ್ರಯೋಗದಿಂದ. ಅಂದರೆ ಇಂದು ಜಗತ್ತು ಗುರುತಿಸುವ ಹೋಮ್ಸ್ ಹಲವು ಕೈಗಳ ಕೂಡುಸೃಷ್ಟಿ. ಈ ದೃಷ್ಟಿಯಿಂದ ನೋಡಿದಾಗ ರೂಪಾಂತರವೆಂಬುದು ಮೂಲದ ಮಸುಕಾದ ನೆರಳಾಗಿರದೆ, ಪಾತ್ರವು ಬದುಕಿ ಉಳಿಯುವ ಕ್ರಮವೇ ಆಗುತ್ತದೆ.

ಕನ್ನಡದಲ್ಲಿ ಈ ಕ್ರಮವನ್ನು ಗುರುತಿಸಲು 'ಪತ್ತೇದಾರ' ಎಂಬ ಶಬ್ದವೇ ಒಳ್ಳೆಯ ಆರಂಭಬಿಂದು. 'ಪತ್ತೆ'ಗೆ ಫಾರಸಿ ಮೂಲದ 'ದಾರ' ಪ್ರತ್ಯಯ ಸೇರಿ ಆದ ಈ ಪದ ಜಮೀನುದಾರ, ಅಮಲ್ದಾರರ ಸಾಲಿನಲ್ಲಿ ಸಹಜವಾಗಿ ನಿಲ್ಲುತ್ತದೆ. ಬಂಗಾಳದಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶನು ತನ್ನನ್ನು 'ಸತ್ಯಾನ್ವೇಷಿ' ಎಂದು ಕರೆದುಕೊಂಡರೆ, ಕನ್ನಡದ ನಾಯಕನಿಗೆ ಒಂದು ಕಸುಬುದಾರನ ಹೆಸರು ಒದಗಿತು. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'ನಲ್ಲಿ ಆ ಕಸುಬು ಹೆಸರಿನ ಭಾಗವೇ ಆಗಿದೆ. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆ ಕಂಡ ನರಸಿಂಹಯ್ಯನವರು 2011ರಲ್ಲಿ ತೀರಿಕೊಳ್ಳುವ ವೇಳೆಗೆ ಐದುನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದರು. ಇಂತಹ ಲೇಖಕರ ವಿಷಯದಲ್ಲಿ ಮೂಲಗ್ರಂಥವನ್ನೂ ಅನುವಾದವನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸುವ ಪರಿಚಿತ ವಿಧಾನ ಸಾಲದು. ಇಲ್ಲಿ ದಾಟಿ ಬಂದುದು ಪಠ್ಯವಲ್ಲ, ಒಂದು ಪ್ರಕಾರ. ಅದು ಯಾವ ಯಾವ ದಾರಿಗಳಿಂದ ಬಂತು ಎಂಬುದೇ ಸಂಶೋಧನೆಯ ಪ್ರಶ್ನೆಯಾಗಬೇಕು.

ಪುಸ್ತಕದಿಂದ ತೆರೆಗೆ ಬಂದಾಗ ಇದೇ ಸಂಗತಿ ಇನ್ನಷ್ಟು ನಿಚ್ಚಳವಾಗುತ್ತದೆ. ಇಯಾನ್ ಫ್ಲೆಮಿಂಗ್ 1953ರಲ್ಲಿ ರೂಪಿಸಿದ ಜೇಮ್ಸ್ ಬಾಂಡ್ 1962ರಲ್ಲಿ ಬೆಳ್ಳಿತೆರೆಯೇರಿದ. ಆರು ವರ್ಷಗಳೊಳಗೆ ದೊರೈ–ಭಗವಾನ್ ಅವರ 'ಜೇಡರ ಬಲೆ' (1968) ಕನ್ನಡಕ್ಕೆ ಸಿ.ಐ.ಡಿ. 999 ಪ್ರಕಾಶನನ್ನು ಕೊಟ್ಟಿತು. 'ಗೋವಾದಲ್ಲಿ ಸಿ.ಐ.ಡಿ. 999' (1968), 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' (1969), 'ಆಪರೇಷನ್ ಡೈಮಂಡ್ ರಾಕೆಟ್' (1978) ಅದರ ಮುಂದುವರಿಕೆಗಳು. ಇವುಗಳನ್ನು ಕೇವಲ ಅನುಕರಣೆಯೆಂದು ಬದಿಗಿಡುವುದು ಸುಲಭ. ಆದರೆ ಪ್ರಕಾಶನಾಗಿ ನಟಿಸಿದವರು ರಾಜ್‌ಕುಮಾರ್. 'ಭಕ್ತ ಕನಕದಾಸ' (1960), 'ಸತ್ಯ ಹರಿಶ್ಚಂದ್ರ' (1965), 'ಮಂತ್ರಾಲಯ ಮಹಾತ್ಮೆ' (1966) ಚಿತ್ರಗಳಲ್ಲಿ ಕಂಡ ಮುಖವನ್ನೇ ಪ್ರೇಕ್ಷಕರು ಗೂಢಚಾರನಲ್ಲೂ ಕಂಡರು. ಕೊಲ್ಲುವ ಪರವಾನಗಿ ಪಡೆದ ಬಾಂಡ್‌ನಿಗೆ ಇಲ್ಲದ ನೈತಿಕ ಭಾರ ಇದರಿಂದಾಗಿ ಪ್ರಕಾಶನಿಗೆ ಬಂತು. ಕಥೆ ಬದಲಾಗದೆಯೂ ಪಾತ್ರ ಬದಲಾಗಬಲ್ಲುದೆಂಬುದಕ್ಕೆ ಇದು ನಿದರ್ಶನ. ನಟನ ಹಿಂದಿನ ಪಾತ್ರಗಳ ನೆನಪೂ ರೂಪಾಂತರದ ಒಂದು ಸಾಧನವೆಂದು ಒಪ್ಪಿದರೆ ರೂಪಾಂತರದ ವ್ಯಾಖ್ಯೆಯನ್ನೇ ವಿಸ್ತರಿಸಬೇಕಾಗುತ್ತದೆ.

ಇಂತಹ ಕೃತಿಗಳು ಕಾಲಹರಣದ ಓದು, ಅವುಗಳ ರಚನೆ ಸಿದ್ಧಮಾದರಿಯದು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಅವುಗಳಲ್ಲಿ ಅನೇಕವು ಸಾಹಿತ್ಯಕವಾಗಿ ದುರ್ಬಲವೇ ಸರಿ. ಆದರೆ ಇವುಗಳಿಗೆ ಶ್ರೇಷ್ಠ ಕೃತಿಗಳ ಸ್ಥಾನ ಕೊಡಬೇಕೆಂಬುದು ಇಲ್ಲಿಯ ವಾದವಲ್ಲ. ಕನ್ನಡ ಓದುಗವರ್ಗ ಹೇಗೆ ಬೆಳೆಯಿತು, ಅಪರಾಧ, ನ್ಯಾಯ, ನಗರ ಎಂಬ ಕಲ್ಪನೆಗಳು ಸಾಮಾನ್ಯ ಓದುಗನಲ್ಲಿ ಹೇಗೆ ರೂಪುಗೊಂಡವು ಎಂಬುದಕ್ಕೆ ಇವು ಆಕರಗಳು. ಹಳಗನ್ನಡದ ಒಂದು ಗರಿಯನ್ನೂ ಬಿಡದೆ ಕಾಪಾಡಿದ ಶಿಸ್ತು ಅಗ್ಗದ ಕಾಗದದ ಮೇಲೆ ಅಚ್ಚಾದ ಇಪ್ಪತ್ತನೆಯ ಶತಮಾನದ ಪುಸ್ತಕವನ್ನು ಕೈಬಿಡುವುದು ಸಮಂಜಸವಲ್ಲ.

ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಬಹುಪಾಲು ಮುಚ್ಚಿವೆ. ಅಗ್ಗದ ಕಾಗದ ಹೆಚ್ಚು ಕಾಲ ಬಾಳುವುದಿಲ್ಲ. ಆದ್ದರಿಂದ ಮೊದಲು ಆಗಬೇಕಾದುದು ಸಿದ್ಧಾಂತಚರ್ಚೆಗಿಂತ ಗ್ರಂಥಸೂಚಿ: ಲೇಖಕ, ಪಾತ್ರ, ಪ್ರಕಾಶಕ, ಮುದ್ರಣವರ್ಷ, ಮೂಲವಿದ್ದರೆ ಅದರ ಉಲ್ಲೇಖ. 1915ರಲ್ಲಿ ಸ್ಥಾಪನೆಗೊಂಡು, ಎಂಟು ಸಂಪುಟಗಳ ನಿಘಂಟನ್ನು ಹೊರತಂದ ಕನ್ನಡ ಸಾಹಿತ್ಯ ಪರಿಷತ್ತಿನ ಚಾಮರಾಜಪೇಟೆಯ ಮನೆ ಇಂತಹ ಕಾರ್ಯಕ್ಕೆ ಯೋಗ್ಯ ನೆಲೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ತಮ್ಮ ತಮ್ಮ ಜಿಲ್ಲೆಗಳ ಖಾಸಗಿ ಸಂಗ್ರಹಗಳನ್ನು ಶೋಧಿಸಿ ಪಟ್ಟಿಗಳನ್ನು ಅಲ್ಲಿಗೆ ಒದಗಿಸಬಹುದು. ಪುರುಷೋತ್ತಮನ ಪ್ರಕರಣಗಳನ್ನು ಬಾಲ್ಯದಲ್ಲಿ ಬೆರಗಿನಿಂದ ಓದಿದ ಪೀಳಿಗೆ ಇನ್ನೂ ನಡುವೆಯಿದೆ. ಅವರ ಓದಿನ ನೆನಪುಗಳನ್ನು ದಾಖಲಿಸುವ ಕೆಲಸವೂ ಈ ಸೂಚಿಯೊಡನೆಯೇ ಆರಂಭವಾಗಬೇಕು.