ಹಡಗು ಹತ್ತುವ ಮುನ್ನ ಕೇಳಬೇಕಾದ ಮಾತು

ಸಿರುಗುಪ್ಪದ ಬಳಿಯ ಕೆಂಚನಗುಡ್ಡಕ್ಕೆ ಹೋದವರು ವಸುಧೇಂದ್ರ ತೀರ್ಥರ ವೃಂದಾವನವನ್ನು ದರ್ಶಿಸಿ, ಅಲ್ಲಿಂದ ತುಂಗಭದ್ರೆಯ ದಂಡೆಗೆ ಇಳಿಯುವುದು ವಾಡಿಕೆ. ಕಳೆದ ಬೇಸಿಗೆಯಲ್ಲಿ ಆ ಊರಿನ ಸ್ನೇಹಿತರೊಬ್ಬರ ಮನೆಯಲ್ಲಿ ನಾನು ತಂಗಿದ್ದೆ. ಆಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವರ ಮಗ ಫೋನು ಮಾಡಿ, ತಂದೆತಾಯಿಯರನ್ನು ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗುವ ವಿಹಾರ ನೌಕೆಯಲ್ಲಿ ಕರೆದೊಯ್ಯುವ ತನ್ನ ಆಸೆಯನ್ನು ಬಣ್ಣಿಸಿದ. ಹಡಗಿನೊಳಗೆ ಈಜುಕೊಳವಿದೆ, ನಾಟಕಶಾಲೆಯಿದೆ, ಹೊತ್ತುಹೊತ್ತಿಗೆ ಬಗೆಬಗೆಯ ಊಟವಿದೆ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಸ್ನೇಹಿತರು ನನ್ನತ್ತ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ಸಾವಿರಗಟ್ಟಲೆ ಮಂದಿ ಇರ್ತಾರಂತಲ್ರೀ ಸರ, ಅಷ್ಟೂ ಮಂದಿ ಕಕ್ಕಸಿನ ನೀರು ಎಲ್ಲಿಗೆ ಹೋಗ್ತೈತಿ?"

ಹೊಳೆಯ ಕೆಳದಂಡೆಯಲ್ಲಿ ಬದುಕಿದವರಿಗೆ ಮೊದಲು ಹೊಳೆಯುವುದು ಈ ಪ್ರಶ್ನೆಯೇ. ಮೇಲಿನ ಊರುಗಳು ಬಿಟ್ಟದ್ದು ತಮ್ಮ ಬಿಂದಿಗೆಗೇ ಬರುತ್ತದೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಗುಡ್ಡಗಾಡಿನ ಈ ಪುಟಗಳಲ್ಲಿ ಹಡಗಿನ ಪ್ರವಾಸದ ವಿಚಾರವನ್ನು ಎತ್ತಲು ಆ ಪ್ರಶ್ನೆಯೇ ಕಾರಣ.

ಕಡಲಿಗೂ ನಮಗೂ ಸಂಬಂಧವಿಲ್ಲವೆನ್ನುವಂತಿಲ್ಲ. ತುಂಗೆ ಮತ್ತು ಭದ್ರೆ ಹುಟ್ಟುವ ಗಂಗಾಮೂಲದ ಆಸುಪಾಸಿನ ಬೆಟ್ಟಸಾಲಿನಿಂದಲೇ ಕುದುರೆಮುಖದ ಅದಿರು ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ನವಮಂಗಳೂರು ಬಂದರಿಗೆ ಇಳಿಯುತ್ತಿತ್ತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇತ್ತ ಆದೇಶದಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಅದೇ ಬಂದರಿಗೆ ಇಂದು ವಿದೇಶಿ ವಿಹಾರ ನೌಕೆಗಳೂ ಬಂದು ನಿಲ್ಲುತ್ತವೆ. ಅವುಗಳಿಂದಿಳಿದ ಪ್ರವಾಸಿಗರು ಒಂದೇ ಹಗಲಿನಲ್ಲಿ ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗಳನ್ನು ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಗಣಿಗಿಂತ ಪ್ರವಾಸೋದ್ಯಮ ಲೇಸೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ 'ಹೊಗೆಯಿಲ್ಲದ ಉದ್ಯಮ' ಎಂಬ ಅದರ ಬಿರುದು ಮಾತ್ರ ಹಡಗಿಗೆ ಒಪ್ಪುವುದಿಲ್ಲ.

ಸ್ನೇಹಿತರ ಪ್ರಶ್ನೆಗೆ ಉತ್ತರವಿದು. ಹಡಗುಗಳ ಮಾಲಿನ್ಯವನ್ನು ನಿಯಂತ್ರಿಸುವ 'ಮಾರ್ಪೋಲ್' ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಪುಡಿಮಾಡಿ ಕ್ರಿಮಿನಾಶಕ ಬೆರೆಸಿದ ಕಕ್ಕಸಿನ ನೀರನ್ನು ತೀರದಿಂದ 3 ನಾಟಿಕಲ್ ಮೈಲು, ಎಂದರೆ ಸುಮಾರು ಐದೂವರೆ ಕಿ.ಮೀ. ದಾಟಿದ ಮೇಲೆ ಕಡಲಿಗೆ ಬಿಡಬಹುದು. 12 ನಾಟಿಕಲ್ ಮೈಲು ದಾಟಿದರೆ ಸಂಸ್ಕರಿಸದೆಯೂ ಬಿಡಲು ಅನುಮತಿಯುಂಟು. ಹಡಗು ಚಲಿಸುತ್ತಿರಬೇಕು, ನಿಧಾನವಾಗಿ ಬಿಡಬೇಕು, ಅಷ್ಟೆ. ಸ್ನಾನ, ಅಡುಗೆಮನೆ, ಬಟ್ಟೆ ಒಗೆದ ನೀರಿಗಂತೂ ಆ ಒಪ್ಪಂದದಲ್ಲಿ ಇಂಥ ಕಟ್ಟುಪಾಡೂ ಇಲ್ಲ. ಪ್ಲಾಸ್ಟಿಕ್ ಎಸೆಯುವುದು ಮಾತ್ರ ಎಲ್ಲಿಯೂ ಸಲ್ಲದು. ಹೊಸ ಹಡಗುಗಳಲ್ಲಿ ಒಳ್ಳೆಯ ಶುದ್ಧೀಕರಣ ಘಟಕಗಳಿರುವುದುಂಟು. ಹಳೆಯವುಗಳ ಬಗೆಗೆ ಕೇಳಿಯೇ ತಿಳಿಯಬೇಕು. ಕಾಯಿದೆಯಿದ್ದ ಮಾತ್ರಕ್ಕೆ ಪಾಲನೆಯಾಗುತ್ತದೆಂದೂ ಇಲ್ಲ. ಗುಟ್ಟಾದ ಕೊಳವೆಯ ಮೂಲಕ ಎಣ್ಣೆಮಿಶ್ರಿತ ನೀರನ್ನು ಕಡಲಿಗೆ ಬಿಟ್ಟ ತಪ್ಪನ್ನು ಪ್ರಿನ್ಸೆಸ್ ಕ್ರೂಸಸ್ ಎಂಬ ದೊಡ್ಡ ಕಂಪನಿ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಕೊಂಡು, 4 ಕೋಟಿ ಡಾಲರ್ ದಂಡಕ್ಕೆ ಗುರಿಯಾಯಿತು. ಆ ಸಂಗತಿಯನ್ನು ಬಯಲಿಗೆ ತಂದವನು ಹಡಗಿಗೆ ಹೊಸದಾಗಿ ಸೇರಿದ್ದ ಒಬ್ಬ ಎಂಜಿನಿಯರ್.

ಆದಕಾರಣ ಮುಂಗಡ ಹಣ ಕಟ್ಟುವ ಮೊದಲೇ ಕಂಪನಿಗೆ ಪತ್ರ ಬರೆದು ಕೇಳಿರಿ: ಮಲಿನ ನೀರನ್ನು ಎಲ್ಲಿ, ಹೇಗೆ ಬಿಡುತ್ತೀರಿ? ಇಂಧನ ಯಾವುದು? ಬಂದರಿನಲ್ಲಿ ನಿಂತಾಗ ಎಂಜಿನ್ ಉರಿಸುತ್ತೀರೋ, ದಡದ ವಿದ್ಯುತ್ ಪಡೆಯುತ್ತೀರೋ? ಒಬ್ಬರು ಕೇಳಿದರೆ ಉತ್ತರ ಬಾರದಿರಬಹುದು. ನೂರು ಮಂದಿ ಕೇಳಿದರೆ ಉತ್ತರಿಸದೆ ಅವರಿಗೆ ಗತ್ಯಂತರವಿಲ್ಲ. ಹಣ ಕಟ್ಟಿದ ಮೇಲೆ ಕೇಳುವ ಪ್ರಶ್ನೆಗೆ ಬೆಲೆ ಕಡಿಮೆ.

ಇನ್ನು ಸುರಕ್ಷತೆಯ ಮಾತು. ಹರಿಗೋಲು ಏರುವವರು ಮೊದಲು ನೀರು ನೋಡುತ್ತಾರೆ, ಆಮೇಲೆ ಅಂಬಿಗನನ್ನು, ಆಮೇಲೆ ಜೊತೆಗಿರುವ ಜನರ ಸಂಖ್ಯೆಯನ್ನು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕೆಳದಂಡೆಯವರು ಹೊಳೆಯಿಂದ ದೂರ ಸರಿಯಬೇಕಾಯಿತು. ಈ ಎಚ್ಚರವನ್ನು ಹಡಗಿನ ಮೆಟ್ಟಿಲ ಬುಡದಲ್ಲಿ ಬಿಟ್ಟುಹೋಗಬಾರದು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ತಾಗಿ ಮಗುಚಿ 32 ಮಂದಿ ಸತ್ತರು. ಅಂದೇ ಹಡಗು ಹತ್ತಿದ್ದ ನೂರಾರು ಮಂದಿಗೆ ಅಪಾಯದ ವೇಳೆ ಎಲ್ಲಿ ಸೇರಬೇಕೆಂಬ ತಾಲೀಮೇ ಆಗಿರಲಿಲ್ಲ. 2015ರಿಂದ ಆ ತಾಲೀಮು ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಬೇಕೆಂಬ ನಿಯಮವಿದೆ. ಆ ಹೊತ್ತಿನಲ್ಲಿ ಊಟದ ಸಾಲಿನಲ್ಲಿ ನಿಲ್ಲದೆ, ಲೈಫ್ ಜಾಕೆಟ್ ತೊಟ್ಟು ನೋಡಿ, ಕೋಣೆಯಿಂದ ಸೇರುವ ಜಾಗಕ್ಕೆ ಮುದುಕರೊಡನೆ ಒಮ್ಮೆ ನಡೆದು ನೋಡುವುದು ಉಚಿತ.

ಸ್ನೇಹಿತರ ಮಗ ಮೊದಲು ಆರಿಸಿದ್ದು ಜೂನ್ ತಿಂಗಳನ್ನು. ಶಾಲೆಗೆ ಹೋಗುವ ಮಕ್ಕಳ ರಜೆ ಮುಗಿಯುವ ಮುನ್ನವೆಂದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಅದು ಮೀನಿನ ಸಂತಾನಾಭಿವೃದ್ಧಿಗಾಗಿ ಇರುವುದಾದರೂ, ಅರಬ್ಬೀ ಸಮುದ್ರ ಅತ್ಯಂತ ಪ್ರಕ್ಷುಬ್ಧವಾಗಿರುವ ಕಾಲವೂ ಅದೇ. ಡಿಸೆಂಬರಿನಿಂದ ಫೆಬ್ರವರಿ ಹಿತ. ಹೊಟ್ಟೆ ತೊಳಸುವ ಭಯವಿದ್ದವರು ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆ ಕೇಳಬೇಕು. ಅಲ್ಲಿ ತೂಗಾಟ ಕಡಿಮೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಜಾಹೀರಾತಿನ ದರವು ಒಂದು ಕೋಣೆಯಲ್ಲಿ ಇಬ್ಬರಿದ್ದಾಗ ತಲಾ ಬೀಳುವ ದರ. ಅದರ ಮೇಲೆ ತೆರಿಗೆ, ಬಂದರು ಶುಲ್ಕ, ಸಿಬ್ಬಂದಿಯ ಭಕ್ಷೀಸು, ದಡದ ತಿರುಗಾಟದ ಖರ್ಚು ಸೇರುತ್ತವೆ. ಇದೆಲ್ಲವನ್ನೂ ಬರೆಸಿಕೊಂಡು ಕೂಡಿಸಿ ನೋಡಿರಿ. ಹಡಗು ಯಾರಿಗೂ ಕಾಯುವುದಿಲ್ಲವಾದ್ದರಿಂದ ರಾಯಚೂರಿನಿಂದ ರೈಲು ಹಿಡಿಯುವವರು ಮುಂಬಯಿಯನ್ನು ಹಿಂದಿನ ದಿನವೇ ತಲುಪಬೇಕು. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆ ಕೋಣೆಗೆ ಬರುವುದು ತಡವಾಗುತ್ತದೆ. ಹಡಗಿನ ವೈದ್ಯರ ಶುಲ್ಕ ಹೆಚ್ಚು, ವಿಮೆ ಅವಶ್ಯ.

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶಪತ್ರ ಬೇಕು. ಇದನ್ನು ಕಿರುಕುಳವೆಂದು ಬಗೆಯುವುದು ಸರಿಯಲ್ಲ. ಎಲ್ಲ ದ್ವೀಪಗಳೂ ಸೇರಿ 32 ಚದರ ಕಿ.ಮೀ. ನೆಲ. ಹವಳದ ಆ ನೆಲದಡಿ ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರವೇ ಅಲ್ಲಿನವರ ಬಾವಿಗೆ ಆಧಾರ. ಒಂದು ಹಡಗಿನಿಂದ ಕೆಲವು ನೂರು ಮಂದಿ ಒಮ್ಮೆಗೇ ಇಳಿದರೆ ಆ ಬಾವಿಗಳಿಗೆ ಏನಾಗುತ್ತದೆಂಬುದನ್ನು, ವಾರಾಂತ್ಯದ ಕಾರುಗಳ ಸಾಲನ್ನು ಕಂಡ ನಮ್ಮ ಬೆಟ್ಟದ ಹಳ್ಳಿಗಳು ಊಹಿಸಬಲ್ಲವು. ಕುಡಿಯುವ ನೀರನ್ನು ಜೊತೆಗೆ ಒಯ್ಯಿರಿ, ಖಾಲಿ ಬಾಟಲಿಯನ್ನು ಮರಳಿ ತನ್ನಿರಿ. ಹವಳದ ಮೇಲೆ ಕಾಲಿಡಬೇಡಿರಿ. ಅದರ ಚೂರನ್ನು ನೆನಪಿಗೆಂದು ತರುವುದು ವನ್ಯಜೀವಿ ಕಾಯಿದೆಯಡಿ ಅಪರಾಧ. ಹಡಗಿನ ಬದಲು ದ್ವೀಪದಲ್ಲಿಯೇ ನಾಲ್ಕು ದಿನ ತಂಗಿದರೆ ಹಣದ ಹೆಚ್ಚಿನ ಪಾಲು ಅಲ್ಲಿನವರಿಗೆ ಸಲ್ಲುತ್ತದೆಂಬುದು ನನ್ನ ಎಣಿಕೆ. ಮಗನಿಗೆ ಅದು ರುಚಿಸಲಿಲ್ಲ.

ಕೊನೆಗೆ ಪ್ರವಾಸ ಜನವರಿಗೆ ಹೋಯಿತು. ಮಲಿನ ನೀರಿನ ಪ್ರಶ್ನೆಯನ್ನು ಕಂಪನಿಗೆ ಬರೆಯಲು ಮಗ ಮೊದಲು ಸಂಕೋಚಪಟ್ಟ. ತಂದೆ ಬಿಡಲಿಲ್ಲ, ತಾವೇ ಹೇಳಿ ನನ್ನಿಂದ ಬರೆಸಿದರು, ಓದಿಸಿ ಕೇಳಿದರು, ಕೆಳಗೆ ಸಹಿ ಹಾಕಿದರು. ಉತ್ತರ ಕೈಗೆ ಬರುವವರೆಗೆ ಮುಂಗಡ ಕಟ್ಟಕೂಡದೆಂದು ಮಗನಿಗೆ ತಾಕೀತು ಮಾಡಿದ್ದಾರೆ.