ಗಾಯ ಮುಚ್ಚಿಡಬೇಡಿ



ಬಲಹೀನತೆಯಲ್ಲೇ ಬಲ ಇದೆ ಅಂತ ಪ್ರಸಂಗ ಮಾಡುವವರಿಗೆ ನನ್ನದೊಂದು ಮಾತು. ನೀವು ಹೇಳೋದು ಸುಳ್ಳಲ್ಲ. ಆದರೆ ಅದನ್ನ ದಲಿತ ಕ್ರೈಸ್ತರ ಬಾಯಿ ಮುಚ್ಚಿಸೋಕೆ ಬಳಸಬೇಡಿ. ಯೇಸು ಬಲಹೀನತೆಯನ್ನ ತಾನಾಗೇ ಒಪ್ಪಿಕೊಂಡ. ನಮ್ಮವರ ಮೇಲೆ ಅದನ್ನ ಹೇರಿದ್ದು ಜಾತಿ.

ಯೋಹಾನನ ಸುವಾರ್ತೆ ತೆಗೆದು ನೋಡಿ. ಸತ್ತು ಎದ್ದು ಬಂದವನು ಸಂಶಯಪಟ್ಟ ತೋಮನಿಗೆ ತೋರಿಸಿದ್ದು ಮೊಳೆ ಹೊಡೆದ ಕೈಯನ್ನ. ಗಾಯ ಮುಚ್ಚಿಡದೆ ಮುಂದೆ ಚಾಚಿದನಲ್ಲ, ಬಲ ಅಂದ್ರೆ ಅದು.

ನಮ್ಮವರಿಗೆ ಗಾಯ ತೋರಿಸೋಕೆ ಎಲ್ಲಿ ಬಿಡ್ತೀರಿ? 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನ ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇವತ್ತಿಗೂ ಹೊರಗೆ. ಎಸ್‌ಸಿ ಮೀಸಲಾತಿ ಇಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ. ಕೊರಳಿಗೆ ಶಿಲುಬೆ ಬಂತು ಅಂತ ನಮ್ಮ ಹೊಳೆನರಸೀಪುರ ಕಡೆ ಯಾವ ಊರು ನಮ್ಮವರ ಜಾತಿ ಮರೆತಿದೆ ಹೇಳಿ? 2025ರ ಸಮೀಕ್ಷೆಯಲ್ಲಿ ಜಾತಿ ಹೆಸರಿನ ಜೊತೆ ‘ಕ್ರಿಶ್ಚಿಯನ್’ ಅಂತ ಬಂದಿದ್ದಕ್ಕೇ ಎಷ್ಟು ರಂಪ ಮಾಡಿದರು!

ಚರ್ಚೂ ತಪ್ಪಿಸಿಕೊಳ್ಳೋ ಹಾಗಿಲ್ಲ. ತನ್ನೊಳಗೂ ಅಸ್ಪೃಶ್ಯತೆ ಇದೆ ಅಂತ ಭಾರತದ ಕಥೋಲಿಕ ಬಿಷಪರ ಮಂಡಳಿಯೇ 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಒಪ್ಪಿಕೊಂಡಿದ್ದು ಒಳ್ಳೇದು. ಹಾಗಾದ್ರೆ ಬಲಹೀನರಾಗಿ ಅನ್ನೋ ಉಪದೇಶ ಮೊದಲು ಕುರ್ಚಿ, ಆಸ್ತಿ, ಆಡಳಿತ ಕೈಲಿಟ್ಟುಕೊಂಡವರಿಗೆ ಹೇಳಿ. ಸಮಾಧಿಯಲ್ಲೂ ಗೆರೆ ಎಳೆದವರಿಗೆ ಹೇಳಿ.

ನಮ್ಮವರು ಜಾತಿನೂ ಹೇಳಲಿ, ಧರ್ಮನೂ ಹೇಳಲಿ, ಹಕ್ಕನ್ನೂ ಕೇಳಲಿ. ತಲೆ ತಗ್ಗಿಸಿ ಕೂರೋದು ಭಕ್ತಿ ಅಲ್ಲ.

ಜೈ ಭೀಮ್.